ಪರದೆ ಹಿಂದಿನ ತಿದಿ

ಟಪ್, ಇನ್ನೊಂದು ಹನಿ, ಮೇಜಿನ ಮೇಲೆ ಗೂಟಕ್ಕೆ ಸಿಗಿಸಿದ ಆಡಿನ ಧ್ವನಿಪೆಟ್ಟಿಗೆಯಿಂದ ಉಪ್ಪುನೀರು ತಟ್ಟೆಗೆ ಬಿತ್ತು, ಹಸಿರು ಪರದೆಯ ಹರುಕಿನಿಂದ ಅವನಿಗೆ ಕಾಣೋದೇ ಇಷ್ಟು, ಆ ಹನಿ, ಪ್ರೊಫೆಸರರ ಬೆಲ್ಟು, ಆಡಿನ ಗಂಟಲೊಳಗಿನ ಎರಡು ಬಿಳಿ ಮಡಿಕೆ, ನಡುವೆ ಒಂದು ಸೀಳು, ಏನೋ ಹೇಳಲು ಹೊರಟು ಮರೆತವರ ಬಾಯಿಯ ಹಾಗೆ — ಅಗೋ ಕೆಮ್ಮಿದರು, ಪ್ರೊಫೆಸರರು ಕೆಮ್ಮಿದರೆ ಒತ್ತಬೇಕು, ಅದು ಸನ್ನೆ, ಅವನು ಮಾತ್ರ ಕೆಮ್ಮಬಾರದು, ಸತ್ತರೂ ಕೆಮ್ಮಬಾರದು — ಸ್ಟೂಲಿನ ಮೇಲೆ ಕೂತಲ್ಲೇ ಕಾಲಿನ ಪಂಪು ಅದುಮಿದ, ಗಾಳಿ ರಬ್ಬರು ಕೊಳವೆಯಲ್ಲಿ ಹಾದು ಪರದೆ ದಾಟಿ ಸತ್ತ ಆಡಿನ ಗಂಟಲು ಹೊಕ್ಕಿತು, ಮಡಿಕೆ ಅದುರಿ ಬ್ಯಾ ಅಂತು, ತಪಾಸಣೆಗೆ ಬಂದ ಸಮಿತಿಯವರಲ್ಲಿ ಒಬ್ಬರು ಅಯ್ಯಯ್ಯೋ ಅಂದರು, ಒಬ್ಬರು ಕಿಸಕ್ಕನೆ ನಕ್ಕರು, ಪ್ರೊಫೆಸರರು ಪೆಟ್ಟಿಗೆಗೆ ಕಟ್ಟಿದ ದಾರ ಜಗ್ಗಿದರು, ಮಡಿಕೆ ಬಿಗಿಯಾಗಿ ಸ್ವರ ಮೇಲಕ್ಕೇರಿತು, ನೋಡಿ ಮೇಡಂ, ತಂತಿ ಬಿಗಿದಷ್ಟೂ ಕೀಚಲು, ಅಷ್ಟೇ ವಿಜ್ಞಾನ — ಅಷ್ಟೇ ಅಂತೆ, ಬೆಳಗಾಗೋ ಮುಂಚೆ ಕಸಾಯಿಖಾನೆಯಲ್ಲಿ ಸಾಲು ನಿಂತು ತಂದವನು ಯಾರು, ಮಾಂಸ ಬಿಟ್ಟು ಗಂಟಲು ಒಯ್ಯೋ ಗಿರಾಕಿ ನೀನೊಬ್ಬನೇ ಕಣಣ್ಣ ಅಂತ ಕಟುಕ ಎಂದಿನಂತೆ ಹಲ್ಲು ಕಿರಿದ, ಬಸ್ಸಿನಲ್ಲಿ ಪಕ್ಕದ ಹೆಂಗಸು ಬಕೆಟ್ಟಿನಲ್ಲೇನು ಅಂತ ಕೇಳಿದಳು, ಗಂಟಲು ಕಣಮ್ಮ ಅಂದ, ಆಮೇಲೆ ಇಡೀ ಸೀಟು ಅವನೊಬ್ಬನದೇ, ಈ ಕೆಲಸದಲ್ಲಿ ಸಿಕ್ಕ ಒಂದೇ ಸವಲತ್ತು ಅದು.

ಮೂಗಿಗೆ ಫಾರ್ಮಲಿನ್ ಘಾಟು, ಗಂಟಲಲ್ಲಿ ಇರುವೆ ಹರಿದ ಹಾಗೆ, ನುಂಗು, ಉಗುಳು ನುಂಗು — ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ ಮೇಡಂ, ಮುಚ್ಚಿಕೊಳ್ಳೋದು, ಅನ್ನ ನೀರು ಶ್ವಾಸಕ್ಕೆ ಇಳಿಯದ ಹಾಗೆ ಕಾಯೋ ಬಾಗಿಲು ಅದು, ದನಿ ಅನ್ನೋದು ಆಮೇಲಿನ ಲಾಭ, ಅಂತ ಪ್ರೊಫೆಸರರು ಹೇಳ್ತಿದಾರೆ, ಹೌದು ಸ್ವಾಮಿ, ಮುಚ್ಚಿಕೊಳ್ಳೋದರಲ್ಲಿ ನನ್ನಷ್ಟು ಪಳಗಿದ ಸಸ್ತನಿ ಈ ಕಟ್ಟಡದಲ್ಲೇ ಇಲ್ಲ, ಇಪ್ಪತ್ತೆರಡು ವರ್ಷ ಹಂಗಾಮಿ, ಹಂಗಾಮಿ ಅಂದರೆ ಇವತ್ತಿದ್ದು ನಾಳೆ ಇಲ್ಲದವನು, ಆದರೂ ಅವನ ಎದುರಿಗೇ ನಾಲ್ಕು ಜನ ನಿರ್ದೇಶಕರು ಬಂದು ಹೋದರು, ವಿದ್ಯಾರ್ಥಿಗಳು ಇಟ್ಟ ಹೆಸರು ತಿದಿ, ಕಮ್ಮಾರನ ತಿದಿಯ ಹಾಗೆ ಬುಸ್ ಬುಸ್ ಅನ್ನೋದಷ್ಟೇ, ತಿದಿಯಣ್ಣ ನಾಯಿ ಬೊಗಳಿಸು, ತಿದಿಯಣ್ಣ ಕತ್ತೆ ಮಾಡು — ಖಾಯಂ ಮಾಡಿ ಅನ್ನೋ ಕಡತ ಒಂದಿದೆ, ಪ್ರೊಫೆಸರರ ಮೇಜಿನಿಂದ ಪಕ್ಕದ ಕೋಣೆಯ ಗುಮಾಸ್ತರ ಮೇಜಿಗೆ ಹೋಗಬೇಕು, ಹನ್ನೆರಡು ಹೆಜ್ಜೆ, ಅವನೇ ಅಳೆದಿದ್ದಾನೆ, ಅದು ಮಾತ್ರ ಕೇಂದ್ರ ಕಚೇರಿಗೆ ಹೋಗಿ, ಅಲ್ಲಿ ಯಾವುದೋ ದೊಡ್ಡ ಕಂಬ ಸುತ್ತಿ, ವರ್ಷಗಟ್ಟಲೆ ಬಿಟ್ಟು ಇನ್ನೇನೋ ಕೇಳಿಕೊಂಡು ವಾಪಸ್ಸು ಬರುತ್ತೆ — ಜಿರಾಫೆಯ ನರ, ಥೇಟು ಅದೇ, ಮೃಗಾಲಯದ ಜಿರಾಫೆ ಸತ್ತಾಗ ಕುತ್ತಿಗೆಯನ್ನು ಏಣಿ ಹೊತ್ತ ಹಾಗೆ ಹೊತ್ತು ತಂದಿದ್ದ, ಬಿಡಿಸಿ ನೋಡಿದರೆ ತಲೆಯಿಂದ ಗಂಟಲು ಇಷ್ಟೇ ದೂರ, ಗಂಟಲಿಗೆ ಅಪ್ಪಣೆ ಒಯ್ಯೋ ನರ ಮಾತ್ರ ಕುತ್ತಿಗೆಯುದ್ದಕ್ಕೂ ಕೆಳಗಿಳಿದು, ಎದೆಯಲ್ಲಿ ದೊಡ್ಡ ರಕ್ತನಾಳ ಸುತ್ತಿ, ಮತ್ತೆ ಅಷ್ಟೂ ಹತ್ತಿ ಬರುತ್ತೆ, ಅದಕ್ಕೇ ಪಾಪ ಆ ಪ್ರಾಣಿ ಮಾತಾಡೋ ಗೋಜಿಗೇ ಹೋಗಲ್ಲ ಅಂತ ಅವನ ಲೆಕ್ಕ, ವಿಜ್ಞಾನ ಏನನ್ನುತ್ತೋ, ಅರ್ಜಿ ಹಾಕಿದವರಿಗೆ ಗೊತ್ತು — ಹೆಂಡತಿ ನಸುಕಿನಲ್ಲೇ ಬುತ್ತಿ ಕೊಡುತ್ತಾ ಅಂದಳು, ಆಡು ಕುದುರೆಗೆಲ್ಲ ದನಿ ಕೊಡ್ತೀರಿ, ನಿಮ್ಮ ಬಾಯಿಗೇನು ಗೂಟ ಬಡಿದಿದಾರಾ, ನಿಮ್ಮದು ಮೊಲದ ಗಂಟಲು ಕಣ್ರೀ, ಇವತ್ತು ಸಮಿತಿ ಎದುರು ಕೇಳದೆ ಬಂದರೆ ನನ್ನ ಹತ್ತಿರ ಮಾತೂ ಆಡಬೇಡಿ, ಅವನು ತಲೆಯಾಡಿಸಿದ, ಮಾತಾಡದೆ.

ಮೊಲಕ್ಕೂ ಧ್ವನಿಪೆಟ್ಟಿಗೆ ಇದೆ ಮಾರಾಯ್ತಿ, ಬದುಕಿಡೀ ತೆಪ್ಪಗಿರುತ್ತೆ, ಕುತ್ತಿಗೆಗೆ ಕೈ ಬಿದ್ದಾಗ ಒಂದು ಸಲ ಕಿರುಚುತ್ತೆ, ಕೇಳಿದವರ ಕೂದಲು ನಿಮಿರಬೇಕು — ಕೈ ಬಿತ್ತಲ್ಲ, ಬಿತ್ತು, ಇವತ್ತು ಬೆಳಿಗ್ಗೆ ಗಂಟಲುಗಳನ್ನ ಗೂಟಕ್ಕೆ ಸಿಗಿಸ್ತಿದ್ದಾಗ ಪ್ರೊಫೆಸರರು ಹೆಗಲು ತಟ್ಟಿದರು, ಮುಂದಿನ ತಿಂಗಳು ಕರೆಂಟಿನ ಪಂಪು ಬರುತ್ತಪ್ಪಾ, ನಿನ್ನ ಕಾಲಿಗೆ ಇನ್ನು ವಿಶ್ರಾಂತಿ, ಕಾಲಿಗೆ ಸರಿ ಸಾರ್, ಕಾಲಿನ ಮೇಲಿರೋ ಮನುಷ್ಯನಿಗೇನು ಅಂದ, ಅದಕ್ಕವರು ನಕ್ಕರು, ಅಲ್ಲ, ಅವನೆಲ್ಲಿ ಕೇಳಿದ, ಕೇಳಬೇಕು ಅಂದುಕೊಂಡ, ನುಂಗಿದ, ಬಾಗಿಲು ಮುಚ್ಚಿತು, ಅವರು ಸುಮ್ಮನೇ ನಕ್ಕು ಹೋದರು — ಈಗ ಗೂಟದ ಮೇಲೆ ಕುದುರೆಯದು, ಎಷ್ಟು ದೊಡ್ಡ ಸೀಳು, ಮೂರು ಬೆರಳು ಹಿಡಿಸೀತು, ಅಧ್ಯಕ್ಷೆ ಮೇಡಂ ಬಗ್ಗಿ ನೋಡಿದರು, ಕನ್ನಡಕ ಕಾಣಿಸಿತು, ಪ್ರೊಫೆಸರರೇ ಇದಕ್ಕೆ ಗಾಳಿ ಎಲ್ಲಿಂದ ಬರುತ್ತೆ, ಈಗ ಹೇಳ್ತಾರೆ, ಹೆಸರು ಹೇಳದಿದ್ದರೂ ನಮ್ಮ ಹುಡುಗ ಒಬ್ಬ ಇದಾನೆ ಅಂತ ಹೇಳ್ತಾರೆ, ಐವತ್ತು ದಾಟಿದರೂ ಹುಡುಗನೇ ಸರಿ, ಹೇಳಲಿ — ತಾನಾಗಿಯೇ ಬರುತ್ತೆ ಮೇಡಂ, ನನ್ನದೇ ವಿನ್ಯಾಸ.

ತಾನಾಗಿಯೇ. ಪ್ರೊಫೆಸರರು ಕೆಮ್ಮಿದರು. ಕಾಲು ಪಂಪಿನ ಮೇಲೆ ಇದೆ, ಒತ್ತಲಿಲ್ಲ, ಕಾಲಿಗೆ ವಿಶ್ರಾಂತಿ, ಅವರೇ ಕೊಟ್ಟದ್ದು, ಒಂದು ತಿಂಗಳು ಮೊದಲೇ ತಗೊಂಡ — ಮತ್ತೆ ಕೆಮ್ಮಿದರು, ದಾರ ಜಗ್ಗಿದರು, ಕುದುರೆ ಕಮಕ್ ಕಿಮಕ್ ಅನ್ನಲಿಲ್ಲ, ಜೋರಾಗಿ ಕೆಮ್ಮಿದರು, ಯಾರೋ ಅಂದರು ಪ್ರೊಫೆಸರರಿಗೆ ಸ್ವಲ್ಪ ನೀರು ಕೊಡ್ರಪ್ಪಾ, ನೀರು ಬಂತು, ಕುಡಿದರು, ಮತ್ತೆ ಕೆಮ್ಮಿದರು, ಪರದೆಯ ಅಡಿಯಿಂದ ಅವರ ಕಪ್ಪು ಬೂಟು ಒಳಗೆ ನುಸುಳಿ ಅವನ ಪಾದ ಹುಡುಕಿ ಒದೆಯಿತು, ಒಂದು ಸಲ, ಎರಡು ಸಲ, ಅವನು ಕಾಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ, ಬೂಟು ಖಾಲಿ ಪಂಪನ್ನೇ ಒದ್ದಿತು, ಕುದುರೆ ಬರ್ ಅಂತ ಅರ್ಧ ಉಸಿರು ಬಿಟ್ಟಿತು, ಸಮಿತಿ ಗೊಳ್ಳೆಂದು ನಕ್ಕಿತು, ಅವನಿಗೂ ನಗು, ನಗುವಿನ ಹಿಂದೆಯೇ ತಡೆದಿಟ್ಟ ಕೆಮ್ಮು ಒತ್ತಿಕೊಂಡು ಬಂತು, ಇಪ್ಪತ್ತೆರಡು ವರ್ಷದ ಘಾಟು ಒಟ್ಟಿಗೆ, ಸ್ಟೂಲು ಬಿತ್ತು, ಪರದೆ ಬಿತ್ತು, ಎಲ್ಲರೂ ಅವನನ್ನೇ ನೋಡ್ತಿದಾರೆ, ಯಾರಪ್ಪಾ ನೀನು ಅಂತ ಮೇಡಂ ಕೇಳಿದರು, ನುಂಗಬೇಡ, ಈಗ ನುಂಗಿದರೆ ಮುಗೀತು, ಗಂಟಲಿಂದ ಮೊದಲು ಆಡು ಬಂತು, ಆಮೇಲೆ ಕತ್ತೆ, ಆಮೇಲೆ ಅವನೇ — ಗಾಳಿ ನಂದು ಮೇಡಂ. ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಇನ್ನೂ ಹೇಳು ಅಂದರು, ಇನ್ನೂ ಹೇಳಬೇಕು, ಹೇಳ್ತೀನಿ, ಕಣ್ಣು ಗೂಟದ ಮೇಲೆ, ಎರಡು ಬಿಳಿ ಮಡಿಕೆ, ನಡುವೆ ಆ ಸೀಳು, ಮುಚ್ಚಿಲ್ಲ, ನನ್ನದೂ ಇನ್ನೂ ಮುಚ್ಚಿಲ್ಲ, ಸೀಳು —