ಮೇಷ್ಟ್ರ ಬೆಳಗಿನ ಲೆಕ್ಕ

ಸಮುದ್ರ ಅಧ್ಯಯನ ಸಂಸ್ಥೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಸರ್ವರ್ ಅಕ್ಕ ಎಂದೇ ಕರೆಯುತ್ತಿದ್ದರು. ಆ ಕೋಣೆಯಲ್ಲಿ ಹಳೆಯದೊಂದು ದೊಡ್ಡ ಸರ್ವರ್ ಇತ್ತು. ಒಂದೇ ಮನೆಗೆ ಅಡ್ಡಗೋಡೆ ಎಬ್ಬಿಸಿ ಹಲವು ಸಂಸಾರಗಳಿಗೆ ಬಾಡಿಗೆ ಕೊಟ್ಟ ಹಾಗೆ, ಅದರೊಳಗೆ ಹತ್ತಾರು ವರ್ಚುವಲ್ ಮಷೀನ್‌ಗಳು; ಒಬ್ಬೊಬ್ಬ ವಿಜ್ಞಾನಿಗೆ ಒಂದೊಂದು.

"ಸರ್ವರ್‌ಗೆ ವಯಸ್ಸಾಯ್ತು. ಯಾರೂ ಬಳಸದೇ ಇರೋ ಮಷೀನೆಲ್ಲ ಅಳಿಸಿಬಿಡು. ಉಳಿದಿದ್ದನ್ನ ಹೊಸದಕ್ಕೆ ಸಾಗಿಸು," ಎಂದರು ವಿಭಾಗದ ಮುಖ್ಯಸ್ಥರು.

ಬಳಸುವವರು ಯಾರು ಎಂದು ತಿಳಿಯಲು ಅವಳು ಟರ್ಮಿನಲ್ ತೆರೆದು ವರ್ಟ್-ಟಾಪ್ ಎಂಬ ಕಮಾಂಡ್ ಟೈಪ್ ಮಾಡಿದಳು. ಕಪ್ಪು ಪರದೆಯ ಮೇಲೆ ಮಷೀನ್‌ಗಳ ಹೆಸರು, ಪಕ್ಕದಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂಬ ಅಂಕಿ. ಹೆಚ್ಚು ದುಡಿಯುವುದು ಪಟ್ಟಿಯಲ್ಲಿ ಮೇಲೇರುತ್ತದೆ, ಸುಮ್ಮನಿರುವುದು ಸೊನ್ನೆ ಹೊತ್ತುಕೊಂಡು ತಳಕ್ಕಿಳಿಯುತ್ತದೆ.

ತಳದಲ್ಲಿ 'ಉಬ್ಬರ' ಎಂಬ ಮಷೀನ್ ಇತ್ತು. ಬಂದರುಗಳಲ್ಲಿ ನೀರು ಯಾವಾಗ ಎಷ್ಟು ಏರುತ್ತದೆಂದು ಲೆಕ್ಕ ಹಾಕುತ್ತಿದ್ದ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಹಿರಿಯ ವಿಜ್ಞಾನಿಯದು. ಅವಳನ್ನು ಕೆಲಸಕ್ಕೆ ಸೇರಿಸಿಕೊಂಡು, ಮೊದಲ ಕಮಾಂಡ್ ಹೇಳಿಕೊಟ್ಟವರೇ ಅವರು. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಇದನ್ನೂ ಅಳಿಸಬೇಕು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ 'ಉಬ್ಬರ' ಪಟ್ಟಿಯ ತುದಿಗೇರಿ ಕೂತಿತ್ತು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸೊನ್ನೆ. ಅದರ ಮರುದಿನವೂ ಹಾಗೇ.

"ದೆವ್ವ ಹೊಕ್ಕಿದ್ಯೋ ಕಳ್ಳ ಹೊಕ್ಕಿದಾನೋ, ನೋಡು," ಎಂದು ಮುಖ್ಯಸ್ಥರು ನಕ್ಕರು.

ಯಾರು ಒಳಬಂದರೆಂಬ ದಾಖಲೆ ತೆಗೆದು ನೋಡಿದಳು. ಕಳ್ಳರಲ್ಲ. ಮೇಷ್ಟ್ರದೇ ಖಾತೆ, ಮೇಷ್ಟ್ರ ಮನೆಯದೇ ಸಂಪರ್ಕ. ಮಹಾನುಭಾವರು ಇನ್ನೂ ಕೆಲಸ ಬಿಟ್ಟಿಲ್ಲವಲ್ಲ ಎಂದು ಖುಷಿಪಟ್ಟು, ಒಂದು ಬೆಳಿಗ್ಗೆ ಅವಳು ನೇರ ಅವರ ಮನೆಗೇ ಹೋದಳು.

ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. ಕಿಟಕಿಯ ಪಕ್ಕದ ಮೇಜಿನ ಮುಂದೆ ಮೇಷ್ಟ್ರು ಕೂತಿದ್ದರು, ಸ್ವೆಟರ್ ತಿರುವುಮುರುವಾಗಿತ್ತು. ಅವಳನ್ನು ಕಂಡು ಮುಖ ಅರಳಿತು.

"ಬನ್ನಿ ಬನ್ನಿ. ಹೊಸದಾಗಿ ಸೇರಿದೋರಾ? ನೋಡಿ ಇಲ್ಲಿ, ಲೆಕ್ಕ ಕೊನೆಗೂ ಕೂಡಿ ಬಂತು. ಇವತ್ತೇ ಮೊದಲ ಸಲ!"

ಪರದೆಯ ಮೇಲಿದ್ದದ್ದು ಎಂದೋ ಮುಗಿದು ಅಚ್ಚಾದ ಲೆಕ್ಕ. 'ಏನೇ ಹುಡುಗಿ' ಎಂದು ಕರೆಯುತ್ತಿದ್ದವರು ಈಗ 'ಬನ್ನಿ' ಎನ್ನುತ್ತಿದ್ದರು.

"ತುಂಬ ಸಂತೋಷ ಸರ್," ಎಂದಳು.

ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿದರು. "ದಿನಾ ಇವತ್ತೇ ಮೊದಲ ಸಲ. ಮಧ್ಯಾಹ್ನಕ್ಕೆ ಮರೆತಿರ್ತಾರೆ, ಬೆಳಿಗ್ಗೆ ಎದ್ದು ಮತ್ತೆ ಶುರು. ಊಟ ಮಾಡಿದ್ದು ಮರೀತಾರೆ, ಮಗಳ ಹೆಸರು ಮರೀತಾರೆ. ಬೆರಳಿಗೆ ಮಾತ್ರ ಇದೊಂದು ನೆನಪಿದೆ ನೋಡು."

"ಅಮ್ಮ, ಆ ಮಷೀನ್ ಅಳಿಸೋಕೆ ಹೇಳಿದಾರೆ."

ಅವರು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೈಲಾದಷ್ಟು ದಿನ ಇಟ್ಟಿರು ಮಗಳೇ."

ಅವಳು ಕಚೇರಿಗೆ ಬಂದು ಏನನ್ನೂ ಮುಚ್ಚಿಡದೆ ಹೇಳಿದಳು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೂ ಪಾಠ ಹೇಳಿದೋರು ಅವರು. ಹೊಸದಕ್ಕೆ ಸಾಗಿಸು. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು."

ಅಲ್ಲಿಂದಾಚೆ ಅವಳು ಬಂದ ಕೂಡಲೇ ಮಾಡುತ್ತಿದ್ದ ಕೆಲಸವೆಂದರೆ ವರ್ಟ್-ಟಾಪ್ ತೆರೆಯುವುದು. 'ಉಬ್ಬರ' ಮೇಲೇರಿದರೆ, ಸದ್ಯ ಎದ್ದರು ಎಂದುಕೊಂಡು ಬ್ಯಾಗ್ ಕೆಳಗಿಡುತ್ತಿದ್ದಳು. ಕೆಲವು ತಿಂಗಳು ಹೀಗೇ ಸಾಗಿತು. ಆಮೇಲಾಮೇಲೆ ಅಂಕಿ ತಡವಾಗಿ ಏರತೊಡಗಿತು, ಅರ್ಧಕ್ಕೇ ಬೀಳತೊಡಗಿತು. ಪಾಸ್‌ವರ್ಡ್ ನೆನಪಾಗದೆ ಕೂಗಾಡುತ್ತಿದ್ದಾರೆಂದು ಹೆಂಡತಿ ಫೋನ್ ಮಾಡಿದಾಗ, ಹೋಗಿ ಪಾಸ್‌ವರ್ಡ್ ಇಲ್ಲದೆಯೇ ತೆರೆಯುವ ಹಾಗೆ ಮಾಡಿಕೊಟ್ಟು ಬಂದಳು.

ಒಂದು ಬೆಳಿಗ್ಗೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಮರುದಿನವೂ. ತಾನೇ ಇಲ್ಲಿಂದ ಆ ಲೆಕ್ಕವನ್ನು ಓಡಿಸಿಬಿಡಲೇ ಎನಿಸಿ ಕೀಬೋರ್ಡ್ ಮೇಲೆ ಬೆರಳಿಟ್ಟಳು. ಯಾರಿಗಾಗಿ ಎಂದು ತನ್ನನ್ನೇ ಕೇಳಿಕೊಂಡು ಕೈ ತೆಗೆದಳು. ಆಮೇಲೆ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಅದೇ ಕುರ್ಚಿಯಲ್ಲಿ, ಪರದೆಗೆ ಬೆನ್ನು ಹಾಕಿ ಕೂತಿದ್ದರು.

"ಕೈ ಹಿಡಿದು ಕೀಬೋರ್ಡ್ ಮೇಲೆ ಇಟ್ಟೆ," ಎಂದರು ಹೆಂಡತಿ. "'ಇದು ಯಾರದು?' ಅಂತ ಕೇಳಿದ್ರು. ಇನ್ನು ತೆಗೆದುಬಿಡು." ಅಷ್ಟಕ್ಕೆ ಸುಮ್ಮನಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. "ಅವರು ಲೆಕ್ಕ ಮಾಡ್ತಿದ್ದಷ್ಟು ಹೊತ್ತು ನನ್ನದಾಗಿತ್ತು ಕಣೇ. ನೆಮ್ಮದಿಯಾಗಿ ಸ್ನಾನ ಮಾಡ್ತಿದ್ದೆ, ಹಿತ್ತಲಲ್ಲಿ ಒಂಚೂರು ನಿಲ್ತಿದ್ದೆ. ಈಗ ಬಚ್ಚಲಿಗೆ ಹೋದ್ರೂ ಬಂದು ಬಾಗಿಲು ಬಡೀತಾರೆ. ಇಂಥಾ ಹೊತ್ತಲ್ಲೂ ನನ್ನ ಸ್ನಾನಕ್ಕೆ ಅಳ್ತೀನಲ್ಲ, ನಾನೆಂಥ ಹೆಂಗಸು?"

"ಹಾಗನ್ನಬೇಡಿ ಅಮ್ಮ," ಎಂದು ಅವಳು ಅವರ ಕೈ ಹಿಡಿದುಕೊಂಡಳು.

ಅವಳು 'ಉಬ್ಬರ'ವನ್ನು ನಿಲ್ಲಿಸುವಾಗ ಮುಖ್ಯಸ್ಥರು ಬಂದು ಹಿಂದೆ ನಿಂತರು. ಹೆಸರು ಪಟ್ಟಿಯಿಂದ ಮಾಯವಾಯಿತು.

ಈಗ ಅವಳು ಕಚೇರಿಗೆ ಹೋಗುವ ಮುನ್ನ ಮೇಷ್ಟ್ರ ಪಕ್ಕದಲ್ಲಿ ಕೂರುತ್ತಾಳೆ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿರುತ್ತದೆ. ಮೇಷ್ಟ್ರು ಅವಳ ತೋಳು ಹಿಡಿದುಕೊಳ್ಳುತ್ತಾರೆ.

"ಅವಳೆಲ್ಲಿ?"

"ಸ್ನಾನಕ್ಕೆ ಹೋಗಿದಾರೆ ಸರ್."

"ಬರ್ತಾಳಲ್ಲ?"

"ಬರ್ತಾರೆ."

ಬಚ್ಚಲ ಬಾಗಿಲು ತೆರೆಯುವವರೆಗೂ ಅವರು ಅದನ್ನೇ ಕೇಳುತ್ತಾರೆ, ಅವಳೂ ಅದನ್ನೇ ಹೇಳುತ್ತಾಳೆ.