ಕುರಿ ತರುಬದ ಹೊಲ

ಪರಶುರಾಂಪುರದ ಆಚೆ ಬಯಲಿನಲ್ಲಿ ಗೊಬ್ಬರದಿಂದ ಗ್ಯಾಸ್ ಮಾಡುವ ಕಂಪನಿ ಬರುವ ಮೊದಲು, ಬೇಸಿಗೆ ಬಂತೆಂದರೆ ಓಬಳೇಶನ ಕುರಿಗಳು ಉಗ್ರಪ್ಪನ ಹೊಲದಲ್ಲಿ ಮಲಗುತ್ತಿದ್ದವು. ಶೇಂಗಾ ಕಿತ್ತ ನೆಲದಲ್ಲಿ ಮಂದೆ ತರುಬಿದರೆ, ಅಂದರೆ ರಾತ್ರಿ ಕೂಡಿ ಮಲಗಿಸಿದರೆ, ಹಿಕ್ಕೆಯೂ ಗಂಜಲವೂ ಮಣ್ಣಿಗಿಳಿದು, ಮುಂದಿನ ಬೆಳೆಗೆ ಬೇರೆ ಗೊಬ್ಬರ ಬೇಕಾಗುತ್ತಿರಲಿಲ್ಲ. ಅದಕ್ಕೆ ಬದಲಾಗಿ ಉಗ್ರಪ್ಪ ರಾಗಿ ಕೊಡುತ್ತಿದ್ದ. ಓಬಳೇಶನ ಹೆಂಡತಿ ನಿಂಗಕ್ಕ ಮಗಳು ಆಶಾಳನ್ನು ಹೆತ್ತದ್ದೂ ಆ ಹೊಲದ ಗುಡಿಸಲಲ್ಲೇ. ಬಾಣಂತನ ಮಾಡಿದವಳು ಉಗ್ರಪ್ಪನ ಹೆಂಡತಿ ನಾಗರತ್ನ.

ಕಂಪನಿಯ ಪರವಾಗಿ ಹಟ್ಟಿಗಳಿಗೆ ಬರುತ್ತಿದ್ದವನು ನನ್ನಿವಾಳದ ರವಿಕಿರಣ್. ರಾತ್ರಿ ಕುರಿಗಳನ್ನು ಕಂಪನಿಯ ಶೆಡ್ಡಿನಲ್ಲಿ ಕೂಡಿದರೆ ಸಾಕು, ಹಿಕ್ಕೆ ತೂಗಿ ವಾರವಾರ ದುಡ್ಡು ಕೊಡುತ್ತೇವೆ ಎಂದ. ಅಷ್ಟೊಂದು ಹೇಗೆ ಕೊಡುತ್ತೀರಿ ಎಂದು ನಿಂಗಕ್ಕ ಕೇಳಿದ್ದಕ್ಕೆ, ಲಾಭ ಇರುವುದು ಗ್ಯಾಸಿನಲ್ಲಲ್ಲ ಎಂದು ವಿವರಿಸಿದ. ಡೀಸೆಲ್ ಬದಲು ಈ ಗ್ಯಾಸಿನಲ್ಲಿ ಲಾರಿ ಓಡಿದರೆ ಎಷ್ಟು ಹೊಗೆ ಕಡಿಮೆಯಾಯಿತೋ ಅಷ್ಟಕ್ಕೆ ಕಂಪನಿಗೆ ಕ್ರೆಡಿಟ್ ಎಂಬ, ಮಾರಬಹುದಾದ ಪತ್ರ ಸಿಗುತ್ತದೆ. ಹೊರದೇಶದ ಎಣ್ಣೆ ಕಂಪನಿಗಳು ತಮ್ಮ ಹೊಗೆ ಕಡಿಮೆ ಮಾಡಿದ್ದೇವೆಂದು ಸರ್ಕಾರಕ್ಕೆ ತೋರಿಸಲು ಆ ಕ್ರೆಡಿಟ್ ಕೊಳ್ಳುತ್ತವೆ. ಅವರು ಕೊಳ್ಳುವುದು ಬಿಟ್ಟರೆ ಎಂದು ಅವಳು ಕೇಳಿದಳು. ಅಲ್ಲಿ ಅದು ಕಾನೂನು, ಹಾಗೆಲ್ಲ ಬಿಡಲಾಗದು ಎಂದ ರವಿಕಿರಣ್. ಅವನೂ ಅದನ್ನು ನಂಬಿದ್ದ.

ಓಬಳೇಶ ಒಪ್ಪಿ ಕುರಿಗಳನ್ನು ಶೆಡ್ಡಿಗೆ ಹೊಡೆದ. ಆ ವರ್ಷ ಶೇಂಗಾ ಕಿತ್ತು ಎಷ್ಟು ದಿನವಾದರೂ ಮಂದೆ ಬಾರದ್ದು ಕಂಡು ಉಗ್ರಪ್ಪ ತಾನೇ ಹಟ್ಟಿಗೆ ಬಂದ. ಓಬಳೇಶ ಅವನ ಮುಖ ನೋಡಲಿಲ್ಲ. ಕುರಿಯ ಗೊರಸು ಕೆತ್ತುತ್ತಲೇ ಮಾತಾಡಿದ.

“ಹಿಕ್ಕೇನ ನೆಲಕ್ಕೆ ಚೆಲ್ಲೋ ಕಾಲ ಹೋತು ಉಗ್ರಪ್ಪಣ್ಣ. ಬೇಕಾದ್ರೆ ಕಂಪನಿ ರೇಟು ಕೊಡು, ಬರ್ತೀನಿ.”

“ನಿನ್ ಜೊತೆ ರೇಟು ಮಾತಾಡಾಕೆ ನಂಗೆ ಬರಲ್ಲ ಬಿಡು” ಎಂದು ಉಗ್ರಪ್ಪ ಹೊರಟುಹೋದ. ಹಿಂದೆ ಓಡಿಹೋಗಿ ಕರೆತಾ ಎಂದು ನಿಂಗಕ್ಕ ಗಂಡನನ್ನು ಗದರಿದಳು. ನಾಳೆ ಸಮಾಧಾನ ಮಾಡಿದರಾಯಿತು ಎಂದ ಅವನು ಹೋಗಲೇ ಇಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ವಾರದ ದುಡ್ಡು ತಿಂಗಳಿಗೊಮ್ಮೆ ಬರತೊಡಗಿತು, ಹಿಕ್ಕೆಯ ದರ ಅರ್ಧಕ್ಕಿಳಿಯಿತು. ಒಂದು ಸಂಜೆ ಕುರಿ ಕೂಡಲು ಹೋದರೆ ಗೇಟಿಗೆ ಬೀಗ. ಒಳಗೆ ರಾಶಿ ಬಿದ್ದ ಗೊಬ್ಬರ ನೆನೆದು ನಾರುತ್ತಿತ್ತು. ಹೊರಗೆ ರವಿಕಿರಣ್ ಬೈಕಿಗೆ ಒರಗಿ ನಿಂತಿದ್ದ.

“ಕುರಿ ಹಿಕ್ಕೆ ಹಾಕೋದು ನಿಲ್ಲಿಸಿಲ್ಲ, ರೋಡಿನಾಗೆ ಲಾರಿ ಓಡೋದೂ ನಿಂತಿಲ್ಲ. ಮತ್ತೇನು ನಿಂತೋತಪ್ಪ?” ಎಂದು ನಿಂಗಕ್ಕ ಕೇಳಿದಳು.

“ಕ್ರೆಡಿಟ್ಟಿನ ರೇಟು ಬಿದ್ದೋತಕ್ಕ. ಎಲ್ಲಾ ಕಡೆ ಇಂಥ ಕಂಪನಿ ಆಗಿ, ಕೊಳ್ಳೋರಿಗಿಂತ ಮಾರೋರು ಜಾಸ್ತಿ ಆದ್ರು. ಬರೀ ಗ್ಯಾಸ್ ಮಾರಿದ್ರೆ ಸಿಲಿಂಡರ್ ಸಾಗಿಸೋ ಖರ್ಚೂ ಹುಟ್ಟಲ್ವಂತೆ. ನಂಗೂ ಬರಬೇಡ ಅಂತ ಮೆಸೇಜ್ ಹಾಕಿದಾರೆ.”

ಅವನನ್ನು ಬೈಯಬೇಕೆಂದು ಬಂದಿದ್ದ ನಿಂಗಕ್ಕನಿಗೆ ಅವನ ಮುಖ ನೋಡಿ ಬೈಯಲೂ ಆಗಲಿಲ್ಲ. ಸಿಟ್ಟು ತೋರಿಸೋಣವೆಂದರೆ ರೇಟು ಇಳಿಸಿದವರು ಯಾರೆಂದೇ ಗೊತ್ತಿರಲಿಲ್ಲ.

ಮರುದಿನವೇ ಗಂಡಹೆಂಡತಿ ಉಗ್ರಪ್ಪನ ಮನೆಗೆ ಹೋದರು. ದಾರಿಯಲ್ಲೇ ಹೊಲ ಕಂಡಿತು. ಸುತ್ತ ತಂತಿಬೇಲಿ, ಒಳಗೆ ಸಾಲುಸಾಲು ದಾಳಿಂಬೆ ಗಿಡ, ಬುಡಬುಡಕ್ಕೂ ಡ್ರಿಪ್ ಪೈಪು. ಅದರೊಳಗೆ ಕುರಿ ನುಗ್ಗಿಸಿದರೆ ಒಂದು ಗಿಡವೂ ಉಳಿಯುತ್ತಿರಲಿಲ್ಲ.

ಉಗ್ರಪ್ಪ ಸಿಟ್ಟಾಗಲಿಲ್ಲ. “ಮಂದೆ ಇಲ್ದೆ ಎರಡು ವರ್ಷ ಶೇಂಗಾ ಏಳಲೇ ಇಲ್ಲ ಕಣೋ. ಮಗ ಬೇಸತ್ತು ದಾಳಿಂಬೆ ಹಾಕಿಸ್ದ. ಈಗ ನಾನೇನು ಮಾಡ್ಲಿ ಹೇಳು” ಎಂದ. ಓಬಳೇಶ ತಪ್ಪಾಯಿತು ಎನ್ನಲು ಬಾಯಿ ತೆರೆದ. ಉಗ್ರಪ್ಪ ಅಷ್ಟರಲ್ಲಿ ಬೇರೆ ಮಾತು ಎತ್ತಿದ. ನಾಗರತ್ನ ಹೊಸಿಲಲ್ಲೇ ನಿಂತು ಆಶಾ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದಳು ನಿಂಗಕ್ಕ. ಒಳಗೆ ಬಾ ಎನ್ನದೆ ನಾಗರತ್ನ ಒಲೆಯ ಕಡೆ ಹೋದಳು. ವಾರದ ದುಡ್ಡು ನಿಂತಾಗಲೂ ಅಳದ ನಿಂಗಕ್ಕನ ಕಣ್ಣು ಅಲ್ಲಿ ತುಂಬಿಬಂತು.

ಸುತ್ತಲಿನ ಉಳಿದ ರೈತರೂ ಅಷ್ಟರಲ್ಲಿ ಬೇರೆ ದಾರಿ ನೋಡಿಕೊಂಡಿದ್ದರು. ಆಶಾಳನ್ನು ಅಜ್ಜಿಯ ಬಳಿ ಬಿಟ್ಟು, ಮೊಳಕಾಲ್ಮೂರಿನ ಮೇಲೆ ಹಾದು ಇಬ್ಬರೂ ಕುರಿ ಹೊಡೆದುಕೊಂಡು ಆಂಧ್ರದ ಗಡಿ ದಾಟಿದರು. ಅಲ್ಲೊಬ್ಬ ಹೊಲದೊಡೆಯ ಕುರಿಗಳನ್ನು ಮೇಲಿಂದ ಕೆಳಗೆ ನೋಡಿದ. ತರುಬಿಕೊಳ್ಳಿ, ಆದರೆ ಕಾಳುಕಡಿ ಏನೂ ಕೊಡುವುದಿಲ್ಲ, ನನ್ನ ಹೊಲದ ಹುಲ್ಲು ಮೇಯುವುದೇ ನಿಮಗೆ ಕೂಲಿ ಎಂದು ತೆಲುಗಿನಲ್ಲಿ ಹೇಳಿದ.

ಓಬಳೇಶ ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ.

“ಸರೇ” ಎಂದ ಅವನು.

ನಿಂಗಕ್ಕ ಮಂದೆಯ ಸುತ್ತ ಕಟ್ಟುವ ಬಲೆ ಬಿಚ್ಚಿ ಗೂಟ ಹೊಡೆಯತೊಡಗಿದಳು.