ನಾಯಿ ಬಂಡೆಯ ಬೋರ್ಡು

ಆ ಕರಾವಳಿಯಲ್ಲಿ ಎತ್ತ ತಿರುಗಿದರೂ ಪೇಂಟರ್ ಬರೆದ ಬೋರ್ಡುಗಳೇ. ದೀಪಸ್ತಂಭದ ಬುಡದಲ್ಲಿರುವುದು ಅವರದು, ಬಿಳಿ ಮರಳಿನ ದಂಡೆಗೆ ಇಳಿಯುವ ಮೆಟ್ಟಿಲ ಬಳಿಯದೂ ಅವರದು. ಅಲೆ ನುಗ್ಗಿದಾಗಲೆಲ್ಲ ಗುಡುಗುವ ಗುಹೆಯ ಬಾಯಲ್ಲಿ 'ಇಲ್ಲಿಂದ ಮುಂದೆ ಹೋಗಬಾರದು' ಎಂದು ಕೆಂಪಕ್ಷರದಲ್ಲಿ ಗದರಿಸುವುದೂ ಅವರದೇ. ಪ್ರತಿಯೊಂದರ ಬಲ ಮೂಲೆಯಲ್ಲಿ ಪುಟ್ಟ ಕುಂಚದ ಚಿತ್ರ, ಅದರ ಕೆಳಗೆ ತಾರೀಕು. ಅದು ಅವರ ರುಜು. ಒಂದೇ ಒಂದು ಬೋರ್ಡಿಗೆ ಮಾತ್ರ ರುಜು ಇಲ್ಲ. ಜನ ಅವರನ್ನು ನೆನಪಿಟ್ಟುಕೊಂಡದ್ದು ಆ ಒಂದರಿಂದಲೇ.

ಮೂವತ್ತೊಂದು ವರ್ಷದ ಹಿಂದೆ 'ಹಾಯಿ ಬಂಡೆ' ಎಂದು ಬರೆಯಬೇಕಾದಲ್ಲಿ ಅವರು 'ನಾಯಿ ಬಂಡೆ' ಎಂದು ಬರೆದುಬಿಟ್ಟಿದ್ದರು. ಎಷ್ಟೋ ಕಾಲದಿಂದ ಕಡಲ ನಡುವೆ ಹಾಯಿ ಬಿಚ್ಚಿ ನಿಂತಿದ್ದ ಕಲ್ಲು ಒಂದೇ ದಿನದಲ್ಲಿ ನಾಯಿಯಾಯಿತು. ಬಂದವರು ನಾಯಿಯನ್ನು ಹುಡುಕಿದರು. ಹುಡುಕಿದವರಿಗೆ ಕಿವಿ ಸಿಕ್ಕಿತು, ಮೂತಿ ಸಿಕ್ಕಿತು, ಕಣ್ಣು ಚುರುಕಿದ್ದವರಿಗೆ ಬಾಲವೂ ಸಿಕ್ಕಿತು. ಪೇಂಟರಿಗೆ ಸಿಕ್ಕಿದ್ದು ಅಡ್ಡಹೆಸರು. 'ನಾಯಿ ಪೇಂಟರ್ ಬರೆದರೆ ಕಲ್ಲೂ ಬೊಗಳುತ್ತೆ' ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಪೇಂಟರೂ ಜೊತೆಗೆ ನಗುತ್ತಿದ್ದರು. ಆದರೆ ಆ ಬೋರ್ಡಿದ್ದ ಗುಡ್ಡದ ಕಡೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಈಗ ಅವರಿಗೆ ಎಪ್ಪತ್ತೊಂದು. ಬಲಗೈ ನಡುಗುತ್ತದೆ. ಅಂಥ ಹೊತ್ತಿನಲ್ಲಿ ಪ್ರವಾಸಿ ಕಚೇರಿಯವರು 'ನೋಡಲೇಬೇಕಾದ ಹತ್ತು ತಾಣಗಳು' ಎಂಬ ಪುಸ್ತಕ ಹೊರಡಿಸುತ್ತಾರೆಂಬ ಸುದ್ದಿ ಬಂತು. ಹತ್ತನೆಯದು ನಾಯಿ ಬಂಡೆ. ಹಾಯಿ ಬಂಡೆ ಎನ್ನುತ್ತಿದ್ದ ಹಳೆಯ ಮೀನುಗಾರರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಇನ್ನು ಪುಸ್ತಕದಲ್ಲೂ ಅಚ್ಚಾದರೆ ಆ ಹೆಸರು ಸತ್ತಂತೆಯೇ, ತಪ್ಪು ತಿದ್ದುವವರು ಯಾರೂ ಉಳಿಯುವುದಿಲ್ಲ. ಪೇಂಟರ್ ಗುರುವಾರ ಕಚೇರಿಗೆ ಹೋಗಿ ಮ್ಯಾನೇಜರ್ ಮೇಡಂ ಮುಂದೆ ಕೂತರು, ಉತ್ತರ ಸಿಗುವವರೆಗೆ ಏಳಲಿಲ್ಲ.

"ನೀವು ಬರೆದದ್ದನ್ನ ನೀವೇ ತಿದ್ದೋದಾದ್ರೆ ನನ್ನ ಅಡ್ಡಿ ಇಲ್ಲ ಪೇಂಟರ್ರೇ," ಎಂದರು ಮೇಡಂ. "ಶನಿವಾರ ನಾಲ್ಕು ಗಂಟೆಗೆ ಫೋಟೋದವರನ್ನ ಕರ್ಕೊಂಡು ಬರ್ತೀನಿ. ಬೋರ್ಡ್ ಹತ್ತಿರ ನಿಂತಾಗ ಹಾಯಿ ಕಂಡ್ರೆ ಹಾಯಿ, ನಾಯಿ ಕಂಡ್ರೆ ನಾಯಿ. ಸೋಮವಾರ ಅಚ್ಚಿಗೆ ಹೋಗುತ್ತೆ. ಆಮೇಲೆ ನನ್ನನ್ನ ಕೇಳಬಾರದು."

"ಆಗಬಹುದು," ಎಂದರು ಪೇಂಟರ್. ಮಾತು ಕೊಟ್ಟು ಬಂದರು.

ಮನೆಯಲ್ಲಿ ಮಗಳು ಮುಖ ಗಂಟು ಹಾಕಿಕೊಂಡಳು. ಅದಕ್ಕೂ ಕಾರಣವಿತ್ತು. ಅವಳು ಪ್ರವಾಸಿ ಬಸ್ಸಿನ ಗೈಡು. ದಿನವೂ ದೀಪಸ್ತಂಭದಿಂದ ಹೊರಟು, ಕೋಟೆ, ಗುಹೆ, ಅಳಿವೆ ಎಲ್ಲ ತೋರಿಸಿ, ಕೊನೆಗೆ ಜನರನ್ನು ನಾಯಿ ಬಂಡೆಯ ಮುಂದೆ ನಿಲ್ಲಿಸುತ್ತಿದ್ದಳು. ಕಡಲಿಗೆ ಹೋದ ಒಡೆಯ ಬರಲಿಲ್ಲವಂತೆ, ಅವನ ನಾಯಿ ಈಜಿ ಹೋಗಿ ಕಾದು ಕಾದು ಕಲ್ಲಾಯಿತಂತೆ. ಈ ಕಥೆಯನ್ನು ಕಟ್ಟಿದವಳು ಅವಳೇ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಪ್ಪಾ, ಒಂಬತ್ತು ಜಾಗದಲ್ಲಿ ಆಕಳಿಸ್ತಾ ಕೂತವರು ಇಲ್ಲಿ ಬಂದು ಅಳ್ತಾರೆ. ಅದನ್ನ ಹಾಳು ಮಾಡ್ತೀಯಾ?"

"ನಿನ್ನ ಕಥೆ ಚೆನ್ನಾಗಿದೆ ಕಣೇ. ಆದ್ರೆ ಅದು ನನ್ನ ತಪ್ಪಿನ ಮೇಲೆ ನಿಂತಿದೆ."

"ಮೂವತ್ತು ವರ್ಷ ಸುಮ್ಮನಿದ್ದು ಈಗೇನು ಹಟ?"

"ಇನ್ನೊಂದು ವರ್ಷ ಬಿಟ್ರೆ ಈ ಕೈಲಿ ಕುಂಚ ನಿಲ್ಲಲ್ಲ. ಅದಕ್ಕೇ ಈಗ."

ಬೈಯುತ್ತಲೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳೇ ಸ್ಕೂಟರಿನಲ್ಲಿ ಅವರನ್ನು ಗುಡ್ಡಕ್ಕೆ ಕರೆದೊಯ್ದಳು. ಹಿಂದೆ ಕೂತ ಪೇಂಟರ ತೊಡೆಯ ಮೇಲೆ ಹಳದಿ ಡಬ್ಬಿ, ಕಪ್ಪು ಡಬ್ಬಿ, ಮರಳು ಕಾಗದ, ಸ್ಪ್ಯಾನರು, ಕೈಗೆ ಆಸರೆ ಕೊಡಲು ಒಂದು ಕೋಲು. ಬೋರ್ಡಿನ ಮುಂದೆ ಇಳಿದವರು ಮೊದಲು ಕಡಲ ಕಡೆ ನೋಡಿದರು.

ನಾಯಿ ಕೂತಿತ್ತು. ಸಂಶಯವೇ ಬೇಡ. ಎರಡು ಕಿವಿ, ಮುಂದೆ ಚಾಚಿದ ಮೂತಿ. ಇಷ್ಟು ವರ್ಷ ತಪ್ಪು ನನ್ನೊಬ್ಬನದೇ ಎಂದುಕೊಂಡಿದ್ದೆ, ಕಲ್ಲೂ ಆ ತಪ್ಪಿನ ಪಕ್ಷಕ್ಕೇ ಸೇರಿಕೊಂಡಿತಲ್ಲ ಎನ್ನಿಸಿತು ಪೇಂಟರಿಗೆ.

"ನೋಡಿದ್ಯಲ್ಲಪ್ಪಾ? ನಾಯೀನೇ. ನಡಿ, ಮನೆಗೆ ಹೋಗೋಣ."

ಪೇಂಟರ್ ಬೋರ್ಡಿನ ಕಡೆ ತಿರುಗಿದರು. ಬೋರ್ಡಿನ ಕಾಲುಗಳನ್ನು ಮುಟ್ಟಿ ನೋಡಿದರು. ಕಬ್ಬಿಣದ ಪೈಪು. ಬಾಗಿ ಬುಡದ ಸಿಮೆಂಟು ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತರು.

"ಈ ಬೋರ್ಡ್ ಇಲ್ಲಿರಲಿಲ್ಲ. ನನಗೆ ಅಳತೆ ಕೊಟ್ಟಿದ್ದು ಎರಡು ಕಲ್ಲುಕಂಬಕ್ಕೆ. ಪೈಪಿಗಲ್ಲ."

ಹೆಸರು ತಪ್ಪಾದಾಗ ಯಾರೂ ಹೆಸರನ್ನು ತಿದ್ದಿರಲಿಲ್ಲ. ಬಂದವರೆಲ್ಲ ನಾಯಿ ಎಲ್ಲಿ, ನಾಯಿ ಎಲ್ಲಿ ಎಂದು ತಲೆ ತಿಂದಿರಬೇಕು. ಆಗಿನ ಯಾವನೋ ಬುದ್ಧಿವಂತ ಅಧಿಕಾರಿ ನಾಯಿ ಕಾಣುವ ಜಾಗ ಹುಡುಕಿ ಬೋರ್ಡನ್ನೇ ಅಲ್ಲಿಗೆ ಸಾಗಿಸಿದ್ದ. ಅಕ್ಷರ ತಿದ್ದುವುದಕ್ಕಿಂತ ಅವನಿಗೆ ಅದೇ ಸುಲಭವಾಗಿ ಕಂಡಿತ್ತು.

ಪೇಂಟರ್ ಇಳಿಜಾರಿನ ಪೊದೆಯೊಳಗೆ ನುಗ್ಗಿದರು. "ಅಪ್ಪಾ, ಮುಳ್ಳು," ಎನ್ನುತ್ತ ಮಗಳು ಹಿಂದೆ ಓಡಿದಳು. ಮುಳ್ಳು ಅಂಗಿ ಹರಿಯಿತು, ಕೈ ಗೀರಿತು, ಅವರು ನಿಲ್ಲಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ, ಇನ್ನೂರು ಹೆಜ್ಜೆ ದೂರದಲ್ಲಿ, ಸೊಂಟದೆತ್ತರದ ಬಳ್ಳಿಗಳ ನಡುವೆ ಎರಡು ಕಲ್ಲುಕಂಬ ಸಿಕ್ಕವು. ಅಲ್ಲಿ ನಿಂತು ಇಬ್ಬರೂ ಕಡಲ ಕಡೆ ತಿರುಗಿದರು. ಕಿವಿಯೂ ಇಲ್ಲ, ಮೂತಿಯೂ ಇಲ್ಲ. ಒಂದೇ ಎತ್ತರದ ಕಲ್ಲು, ಒಂದು ಬದಿ ನೇರ, ಇನ್ನೊಂದು ಬದಿ ಗಾಳಿ ತುಂಬಿ ಉಬ್ಬಿದ ಹಾಯಿ.

ಮಗಳು ತುಂಬ ಹೊತ್ತು ನೋಡಿದಳು. ಅವಳ ಕಥೆಗೆ ಅಲ್ಲಿ ಜಾಗವಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಆದರೂ ಕಂಡದ್ದನ್ನು ಕಾಣಲಿಲ್ಲ ಎನ್ನುವ ಜಾತಿಯವಳಲ್ಲ ಅವಳು.

"ಅಕ್ಷರ ತಿದ್ದೋಕೆ ಮಾತ್ರ ಮೇಡಂ ಒಪ್ಪಿದ್ದು. ಬೋರ್ಡ್ ಎತ್ತೋಕಲ್ಲ," ಎಂದಳು ಮೆಲ್ಲಗೆ.

"ಎತ್ತಬೇಡಿ ಅಂತಾನೂ ಹೇಳಿಲ್ವಲ್ಲ."

ತುಕ್ಕು ಹಿಡಿದ ಬೋಲ್ಟುಗಳು ಸುಲಭಕ್ಕೆ ಜಗ್ಗಲಿಲ್ಲ. ಸ್ಕೂಟರಿನ ಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಇಬ್ಬರೂ ಜೋತುಬಿದ್ದು, ನಾಲ್ಕನ್ನೂ ಬಿಚ್ಚುವಷ್ಟರಲ್ಲಿ ಪೇಂಟರ ಅಂಗಿ ಒದ್ದೆಮುದ್ದೆ. ತಗಡು ಹೊತ್ತು ಇಳಿಯುವಾಗ ಎರಡು ಸಲ ಕೂತರು, ಎರಡು ಸಲವೂ ತಾವೇ ಮೊದಲು ಎದ್ದರು. ಕಂಬಗಳಿಗೆ ಒರಗಿಸಿದಾಗ ತಗಡಿನ ನಾಲ್ಕು ತೂತು ಕಲ್ಲಿನ ನಾಲ್ಕು ತೂತಿಗೆ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಕೂತವು.

ಬಳ್ಳಿ ಕಿತ್ತು ಜಾಗ ಮಾಡುತ್ತಿದ್ದ ಮಗಳು ಕೈ ನಿಲ್ಲಿಸಿದಳು. "ಇಷ್ಟು ಅಳತೆ ನೋಡಿ ಮಾಡೋ ಮನುಷ್ಯ, ಹೆಸರು ಹೇಗಪ್ಪಾ ತಪ್ಪು ಬರೆದೆ? ಚೀಟಿ ಸರಿ ಇರಲಿಲ್ವಾ?"

ಪೇಂಟರ್ 'ನಾ' ಅಕ್ಷರವನ್ನು ಮರಳು ಕಾಗದದಿಂದ ಉಜ್ಜುತ್ತಿದ್ದರು. ಉಜ್ಜುತ್ತಲೇ ಹೇಳಿದರು. "ಚೀಟಿ ಸರಿಯಾಗೇ ಇತ್ತು. ಹಿತ್ತಲಲ್ಲಿ ಬರೀತಾ ಕೂತಿದ್ದೆ. ನಿಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದಾರೆ, ಕಷ್ಟ ಇದೆ ಅಂತೆ ಅಂತ ಪಕ್ಕದ ಮನೆಯವರು ಬಂದು ಹೇಳಿದ್ರು. ಬೋರ್ಡ್ ಒಯ್ಯೋಕೆ ಗಾಡಿ ಬಂದು ನಿಂತಿತ್ತು. ಕೈ ಇಲ್ಲಿ ಬರೀತಿತ್ತು, ನಾನು ಆಸ್ಪತ್ರೇಲಿದ್ದೆ. ಮುಗಿದಿದ್ದೇ ಓಡಿದೆ. ರುಜು ಹಾಕೋಕೂ ನಿಲ್ಲಲಿಲ್ಲ."

"ಅಂದ್ರೆ..."

"ಸಾಯಂಕಾಲ ನೀನು ಹುಟ್ಟಿದೆ."

"ಇಷ್ಟು ವರ್ಷ ಎಲ್ಲರೂ ಆಡ್ಕೊಂಡು ನಗ್ತಿದ್ರಲ್ಲಪ್ಪಾ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಾಯಿ ಅನ್ನೋ ಅಡ್ಡಹೆಸರು ನಿನಗೆ ಅಂಟ್ಕೊಳ್ತಿತ್ತು. ಆಗ ಶಾಲೆಗೆ ಹೋಗೋ ಮಗು ನೀನು. ನನಗಾದ್ರೆ ಏನು, ತಡ್ಕೊಳ್ತೀನಿ."

ಅವಳು ತಲೆ ತಗ್ಗಿಸಿ ಮತ್ತೆ ಬಳ್ಳಿ ಕೀಳತೊಡಗಿದಳು. ಆಗಲೇ ಕಿತ್ತು ಬರಿದಾದ ನೆಲವನ್ನೂ ಕೆದಕಿದಳು. ಬಸ್ಸಿನ ಹೊತ್ತಾದಾಗ ಸ್ಕೂಟರು ಹತ್ತಿ ಹೋದಳು.

ಪೇಂಟರ್ ಒಬ್ಬರೇ ಉಳಿದರು. ಹಳದಿ ಬಳಿದು ಬಿಸಿಲಿಗೆ ಬಿಟ್ಟು, ಬೆರಳು ತಾಗಿಸಿ ತಾಗಿಸಿ ನೋಡುತ್ತ, ಒಣಗುವವರೆಗೆ ಕಾದರು. ಎರಡು ಗಂಟೆಗೆ ಕಪ್ಪು ಕುಂಚ ಹಿಡಿದರು. ಕೈ ನಡುಗಿತು. ಕೋಲಿನ ಮೇಲೆ ಬಲಗೈ ಊರಿ, ಅದರ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಹಿಡಿದು, ಉಸಿರು ಕಟ್ಟಿ ಒಂದು ಗೆರೆ ಎಳೆದರು. ಉಸಿರು ಬಿಟ್ಟರು. ಮತ್ತೆ ಕಟ್ಟಿ ಇನ್ನೊಂದು ಗೆರೆ. ಮುಂಚೆ ಇಡೀ ಬೋರ್ಡನ್ನು ಮುಗಿಸುತ್ತಿದ್ದ ಹೊತ್ತು ಆ ಒಂದು 'ಹಾ'ಕ್ಕೆ ಬೇಕಾಯಿತು. ಆದರೆ ಅಕ್ಷರ ದುಂಡಗೆ ಕೂತಿತು, ಪಕ್ಕದ 'ಯಿ'ಗಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ.

ನಾಲ್ಕಕ್ಕೆ ಬಸ್ಸು ಬಂತು. ಹಿಂದೆಯೇ ಮೇಡಂ, ಫೋಟೋದವರು. ಬರಿಯ ಪೈಪು ನೋಡಿ ಮೇಡಂ ಹುಬ್ಬೇರಿಸಿದರು. "ಮೇಡಂ, ಇನ್ನೂರು ಹೆಜ್ಜೆ ಬನ್ನಿ, ಆಮೇಲೆ ಬೈಯೋರಂತೆ," ಎಂದು ಮಗಳು ಎಲ್ಲರನ್ನೂ ಕರೆದುಕೊಂಡು ಇಳಿದಳು.

ಎಲ್ಲರೂ ಬೋರ್ಡಿನ ಹತ್ತಿರ ನಿಂತು ಕಡಲ ಕಡೆ ತಿರುಗಿದರು. ಮೇಡಂ ಬೋರ್ಡು ನೋಡಿದರು, ಕಲ್ಲು ನೋಡಿದರು, ಮತ್ತೆ ಬೋರ್ಡು ನೋಡಿದರು. ಫೋಟೋದವರು ಯಾರನ್ನೂ ಕೇಳದೆ ಕ್ಯಾಮೆರಾ ತೆಗೆದರು.

"ಇದರ ಕಥೆ ಏನಮ್ಮಾ?" ಎಂದು ಪ್ರವಾಸಿಯೊಬ್ಬರು ಕೇಳಿದರು.

ಮಗಳು ಬೋರ್ಡಿನ ಪಕ್ಕಕ್ಕೆ ಬಂದು ನಿಂತಳು. "ಇದು ಹಾಯಿ ಬಂಡೆ. ನಾನು ಹುಟ್ಟಿದ ದಿನ ಒಬ್ಬ ಪೇಂಟರ್ ಗಾಬರಿಯಲ್ಲಿ ಇದನ್ನ ನಾಯಿ ಬಂಡೆ ಅಂತ ಬರೆದ್ರು," ಎಂದು ಶುರುಮಾಡಿದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಳ್ಳುವ ಸರದಿ ಅವಳದಾಗಿತ್ತು.

"ಹಾಯಿ ಅಂತಾನೇ ಅಚ್ಚು ಹಾಕಿಸ್ತೀನಿ," ಎಂದರು ಮೇಡಂ. "ಹಾಗಾದ್ರೆ ನಾಯಿ?"

"ಮೇಲಿದೆ, ಪೈಪಿನ ಹತ್ತಿರ," ಎಂದರು ಪೇಂಟರ್. "ಅದಕ್ಕೆ ಬೋರ್ಡ್ ಬೇಕಿಲ್ಲ. ಹುಡುಕಿದವರಿಗೆ ಸಿಗುತ್ತೆ."

ಜನ ಬಸ್ಸಿನತ್ತ ಹೊರಟ ಮೇಲೆ ಅವರು ಸಣ್ಣ ಕುಂಚ ಅದ್ದಿ ಬಲ ಮೂಲೆಗೆ ಬಾಗಿದರು. ಮಗಳು ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು. ಪುಟ್ಟ ಕುಂಚದ ಚಿತ್ರ ಮೂಡಿತು. ಅದರ ಕೆಳಗೆ ತಾರೀಕು ಬೀಳುತ್ತಿದ್ದಂತೆ ಅವಳು ಓದಿದಳು. ಅದು ಅವಳು ಹುಟ್ಟಿದ ತಾರೀಕು.

"ಅಪ್ಪಾ, ಇವತ್ತಿಂದು ಹಾಕಬೇಕಲ್ವಾ?"

"ಬೋರ್ಡ್ ಅವತ್ತಿಂದು," ಎಂದರು ಪೇಂಟರ್. "ಅವಸರದಲ್ಲಿ ಸ್ವಲ್ಪ ಬಾಕಿ ಉಳಿದಿತ್ತು, ಅಷ್ಟೇ."